ಕ್ಲಾಟ್ (ಕಾನೂನು ಕೋರ್ಸ್ ಪ್ರವೇಶ ಪರೀಕ್ಷೆ) ಗುಂಪಿಗೆ: ಈ ಭಾನುವಾರ ಮಾಕ್ ಟೆಸ್ಟ್ ಇಲ್ಲ

ಎಲ್ಲರಿಗೂ ನಮಸ್ಕಾರ. ಈ ಭಾನುವಾರದ ಮಾಕ್ ಟೆಸ್ಟ್ ರದ್ದು. ಅಂಕ ಇಳಿಯುತ್ತಿದೆ ಅಂತ ರಾತ್ರಿ ಎರಡಕ್ಕೆಲ್ಲ ಇಲ್ಲಿ ಡೌಟ್ ಕೇಳುತ್ತಿದ್ದೀರಿ. ಕಮ್ಮಿ ಆಗಿರುವುದು ಓದಲ್ಲ, ನಿದ್ದೆ. 120 ನಿಮಿಷಕ್ಕೆ 120 ಪ್ರಶ್ನೆ, ಎಲ್ಲಾ ಪ್ಯಾಸೇಜ್ ಓದಿಯೇ ಬಿಡಿಸಬೇಕು. ತಲೆ ದಣಿದಿದ್ದರೆ ಒಂದೇ ಪ್ಯಾರಾ ಮೂರು ಸಲ ಓದುತ್ತೀರಿ. ತಪ್ಪು ಉತ್ತರಕ್ಕೆ 0.25 ಅಂಕ ಬೇರೆ ಹೋಗುತ್ತದೆ.

ಈ ವಾರ ಇಷ್ಟು ಸಾಕು: ದಿನಕ್ಕೊಂದು ಲೀಗಲ್ ರೀಸನಿಂಗ್ ಪ್ಯಾಸೇಜ್, ಅರ್ಧ ಗಂಟೆ ನ್ಯೂಸ್ ಪೇಪರ್. ರಾತ್ರಿ ಹತ್ತರ ಮೇಲೆ ಇಲ್ಲಿ ಮೆಸೇಜ್ ಬೇಡ. ನಾನೂ ಹಾಕಲ್ಲ!

ಭಾನುವಾರ ಬೆಳಿಗ್ಗೆ 6.30ಕ್ಕೆ ಕುಂದವಾಡ ಕೆರೆ ಹತ್ತಿರ ಸೇರೋಣ. ಸುಮ್ನೆ ಒಂದಿಷ್ಟು ನಡೆದು, ಆಮೇಲೆ ಬೆಣ್ಣೆ ದೋಸೆ. ಪುಸ್ತಕ ತಂದವರೇ ಬಿಲ್ ಕೊಡಬೇಕು. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.