ತೊಡೆಯ ಅಳತೆ ಎಲ್ಲಿ ತೆಗೆಯಬೇಕಿತ್ತು? ಲೆಗ್ ಪ್ಯಾಡ್ ಬಗ್ಗೆ ಒಂದು ದೂರು

ಇಂದ,
ಸಕಲೇಶಪುರ ತಾಲ್ಲೂಕಿನ ನಿಮ್ಮ ಗ್ರಾಹಕ
(ಹೆಸರು, ವಿಳಾಸ, ಆರ್ಡರ್ ನಂಬರ್ ಜೊತೆಗಿರುವ ಬಿಲ್ಲಿನಲ್ಲಿವೆ)

ಗೆ,
ಕುಂದುಕೊರತೆ ಅಧಿಕಾರಿಗಳು,
ಆನ್‌ಲೈನ್ ಕ್ರೀಡಾ ಸಾಮಗ್ರಿ ಮಳಿಗೆ, ಬೆಂಗಳೂರು

ವಿಷಯ: ಸೈಜ್ ಪಟ್ಟಿ ಸರಿಯಿಲ್ಲದೆ ಕಾಲಿಗೆ ಕೂರದ ಲೆಗ್ ಪ್ಯಾಡ್ ಬಂದಿರುವುದು, ಅದನ್ನು ವಾಪಸ್ ತೆಗೆದುಕೊಳ್ಳಲು ನೀವು ಒಪ್ಪದಿರುವುದು

ಮಾನ್ಯರೇ,

ಏಪ್ರಿಲ್ 28ರಂದು ನಿಮ್ಮಲ್ಲಿ ಒಂದು ಜೊತೆ ಲೆಗ್ ಪ್ಯಾಡ್ ಆರ್ಡರ್ ಮಾಡಿದೆ. ಮಂಡಿ, ಕಾಲಿನ ಮುಂದಿನ ಎಲುಬು, ಹಿಂದಿನ ಮೀನಖಂಡ ಮೂರನ್ನೂ ಕಾಯುತ್ತದೆ ಎಂದು ಬರೆದಿದ್ದ ಪ್ಯಾಡ್ ಅದು. ಸೈಜ್ ಎಲ್. ಬೆಲೆ 6,890 ರೂಪಾಯಿ. ಮೇ 11ರ ಬೆಳಿಗ್ಗೆ ಅದನ್ನು ಕಟ್ಟಿಕೊಂಡು ಸವಾರಿಗೆ ಹೋದವನು ಮನೆಗೆ ಬಂದದ್ದು ಆಸ್ಪತ್ರೆಯ ದಾರಿಯಾಗಿ. ಎಡ ಮೀನಖಂಡಕ್ಕೆ ನಾಲ್ಕು ಹೊಲಿಗೆ ಬಿತ್ತು. ಬಲ ಮಂಡಿಯ ಚರ್ಮ ಕಿತ್ತು ಬಂದಿತ್ತು. ಜೊತೆಗೆ ಒಂದು ಟಿಟಿ ಇಂಜೆಕ್ಷನ್. ಇದೆಲ್ಲ ಆದದ್ದು ಎರಡೂ ಕಾಲಿಗೆ ಪ್ಯಾಡ್ ಕಟ್ಟಿಕೊಂಡಿದ್ದಾಗಲೇ.

ನಾನು ಓಡಿಸುವುದು ಯುನಿಸೈಕಲ್. ಸರ್ಕಸ್ಸಿನಲ್ಲಿ ನೋಡಿರುತ್ತೀರಿ, ಒಂದೇ ಚಕ್ರದ್ದು. ನನ್ನದಕ್ಕೆ 24 ಇಂಚಿನ ಚಕ್ರ, 3 ಇಂಚು ದಪ್ಪದ ಟೈರು. ಕಾಫಿ ತೋಟದ ಒಳದಾರಿ, ಬೇರು, ಕಲ್ಲು, ಇಳಿಜಾರು ಇವೇ ನನ್ನ ರಸ್ತೆ. ನಿಮ್ಮ ಸಹಾಯವಾಣಿಯವರು ಫೋನಿನಲ್ಲಿ ನಕ್ಕು, 'ಅದೆಲ್ಲ ಆಟ ಅಂತ ಲೆಕ್ಕಕ್ಕೆ ಬರಲ್ಲ ಸಾರ್' ಅಂದರು. ಬರುತ್ತದೆ. 1980ರ ದಶಕದಲ್ಲೇ ಅಲಾಸ್ಕಾದ ಜಾರ್ಜ್ ಪೆಕ್ ಇದನ್ನು ಬೆಟ್ಟ ಹತ್ತಿಸಿದ್ದರು. ಕೆನಡಾದ ಕ್ರಿಸ್ ಹೋಮ್ ಇದಕ್ಕೆಂದೇ ಗಟ್ಟಿ ಚಕ್ರ, ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಎಲ್ಲ ಮಾಡಿಸಿ ಮಾರಿದರು. ಯುನಿಕಾನ್ ಎಂಬ ವಿಶ್ವ ಕೂಟದಲ್ಲಿ ಬೆಟ್ಟ ಹತ್ತುವ, ಇಳಿಯುವ ಸ್ಪರ್ಧೆಗಳೇ ಇವೆ. ಸಕಲೇಶಪುರದಲ್ಲಿ ನಾನೊಬ್ಬನೇ ಇರಬಹುದು, ಅದು ಬೇರೆ ಮಾತು.

ಅದೂ ಅಲ್ಲದೆ, ಈ ಪ್ಯಾಡ್ ಯಾವ ಯಾವ ಆಟಕ್ಕೆ ಎಂದು ನಿಮ್ಮ ಪುಟದಲ್ಲಿ ಒಂದು ಸಾಲು ಇತ್ತು. ಮೌಂಟನ್ ಬೈಕ್, ಸ್ಕೇಟಿಂಗ್, ಕೊನೆಗೆ ಯುನಿಸೈಕಲ್. ನಾನು ಹುಡುಕಿದಾಗ ನಿಮ್ಮ ಪುಟ ಸಿಕ್ಕಿದ್ದೇ ಆ ಪದದಿಂದ. ದೂರು ಕೊಟ್ಟ ಮೇಲೆ ಆ ಪದ ಅಲ್ಲಿಂದ ಮಾಯವಾಗಿದೆ. ಹಳೆಯ ಪುಟದ ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇದೆ, ಲಗತ್ತಿಸಿದ್ದೇನೆ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ನಿಮ್ಮ ಸೈಜ್ ಪಟ್ಟಿಯಲ್ಲಿ ಎರಡೇ ಅಳತೆ ಇದ್ದವು: ತೊಡೆಯ ಸುತ್ತಳತೆ, ಮೀನಖಂಡದ ಸುತ್ತಳತೆ. ತೊಡೆ 41ರಿಂದ 45 ಸೆಂ.ಮೀ. ಇದ್ದರೆ ಎಂ, 46ರಿಂದ 50 ಇದ್ದರೆ ಎಲ್. ಆದರೆ ತೊಡೆ ಅಂದರೆ ಎಲ್ಲಿ? ಮಂಡಿಯಿಂದ ಸೊಂಟದವರೆಗೂ ತೊಡೆಯೇ ಅಲ್ವಾ? ಪಟ್ಟಿಯ ಪಕ್ಕದ ಚಿತ್ರದಲ್ಲಿ ಬಾಣದ ಗುರುತು ತೊಡೆಯ ನಡುಮಧ್ಯಕ್ಕೆ ಇತ್ತು. ನಾನೂ ಅಲ್ಲೇ ಟೇಪು ಹಿಡಿದೆ. 49 ಬಂತು. ಪಟ್ಟಿಯ ಪ್ರಕಾರ ಎಲ್.

ಮೀನಖಂಡದ ಅತಿ ದಪ್ಪ ಜಾಗದಲ್ಲಿ ಅಳೆದರೆ 36 ಬಂತು. ಅದು ಎಂ. ತೊಡೆ ಒಂದು ಸೈಜು, ಮೀನಖಂಡ ಇನ್ನೊಂದು ಸೈಜು. ಅನುಮಾನ ಬಂದು ನಿಮ್ಮ ಚಾಟ್‌ನಲ್ಲಿ ಎರಡೂ ಅಳತೆ ಬರೆದು ಕೇಳಿದೆ. 'ದೊಡ್ಡದನ್ನೇ ತಗೊಳ್ಳಿ ಸಾರ್, ಕಟ್ಟೋ ಪಟ್ಟಿ ಬಿಗಿ ಮಾಡ್ಕೋಬಹುದು' ಎಂದು ಉತ್ತರ ಬಂತು. ಆ ಚಾಟ್ ಕೂಡ ಲಗತ್ತಿಸಿದ್ದೇನೆ.

ಡಬ್ಬ ಬಂದ ಮೇಲೆ ಒಳಗಿದ್ದ ಪುಟ್ಟ ಚೀಟಿಯನ್ನು ನಾನು ಆಗಲೇ ಓದಬೇಕಿತ್ತು, ಓದಲಿಲ್ಲ. ಅದು ನನ್ನ ತಪ್ಪು. ಬಿದ್ದ ಮೇಲೆ, ಕಾಲು ಮೇಲಿಟ್ಟುಕೊಂಡು ಕೂತಿದ್ದಾಗ ಓದಿದೆ. ತೊಡೆಯ ಅಳತೆಯನ್ನು ಮಂಡಿಚಿಪ್ಪಿನ ನಡುವಿನಿಂದ 10 ಸೆಂ.ಮೀ. ಮೇಲೆ ತೆಗೆಯಬೇಕು ಎಂದು ತಯಾರಕರೇ ಅದರಲ್ಲಿ ಬರೆದಿದ್ದಾರೆ. ಅಲ್ಲಿ ಅಳೆದರೆ ನನ್ನದು 43. ಅಂದರೆ ಎಂ. ಮೀನಖಂಡವೂ ಎಂ. ಎರಡೂ ಸರಿಯಾಗಿ ಹೊಂದುತ್ತವೆ, ಗೊಂದಲವೇ ಇಲ್ಲ. ಅದೇ ಕಾಲು, ಅದೇ ಟೇಪು. ಟೇಪು ಹಿಡಿದ ಜಾಗ ಬದಲಾಗಿದ್ದಕ್ಕೆ 6 ಸೆಂ.ಮೀ. ವ್ಯತ್ಯಾಸ. ತಯಾರಕರಿಗೆ ಗೊತ್ತಿದ್ದ ಆ ಒಂದು ಸಾಲನ್ನು ನಿಮ್ಮ ಪುಟದಲ್ಲಿ ಹಾಕಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಚೀಟಿ ಇದ್ದದ್ದು ಡಬ್ಬದ ಒಳಗೆ. ದುಡ್ಡು ಕೊಟ್ಟು, ಸೈಜು ಆರಿಸಿ, ಮಾಲು ಮನೆಗೆ ಬಂದ ಮೇಲೆ ಸೈಜು ಆರಿಸುವುದು ಹೇಗೆ ಅಂತ ಹೇಳಿದರೆ ಏನು ಉಪಯೋಗ?

ಪಟ್ಟಿ ಬಿಗಿ ಮಾಡಿಕೊಳ್ಳಿ ಅಂದಿರಲ್ಲ, ಅದನ್ನೂ ಮಾಡಿದೆ. ವೆಲ್ಕ್ರೋ ಪಟ್ಟಿಯನ್ನು ಕೊನೆಯವರೆಗೂ ಎಳೆದೆ. ತುದಿ ಅಂಟಬೇಕಾದ ಜಾಗ ದಾಟಿ ಬರೀ ಬಟ್ಟೆಯ ಮೇಲೆ ಬಂದು ನಿಂತಿತು, ಅಲ್ಲಿ ಅದು ಹಿಡಿಯುವುದಿಲ್ಲ. ಪ್ಯಾಡಿನ ಎರಡೂ ಅಂಚು ಮಂಡಿಯ ಪಕ್ಕದಲ್ಲಿ ಮಡಚಿಕೊಂಡು ಉಬ್ಬಿ ಎದ್ದವು. ಇನ್ನೂ ಬಿಗಿದರೆ ಮಂಡಿಯ ಹಿಂಭಾಗ ಕುಯ್ದಂತಾಗಿ ಪಾದ ಜೋಮು ಹಿಡಿಯುತ್ತಿತ್ತು. ಅಳತೆ ಸರಿ ಇರುವ ಪ್ಯಾಡು ಜಾಗ ಬಿಟ್ಟು ಕದಲದ ಹಾಗೆ ಪಟ್ಟಿ ನೋಡಿಕೊಳ್ಳುತ್ತದೆ, ಅಷ್ಟೇ. ದೊಡ್ಡ ಪ್ಯಾಡನ್ನು ಚಿಕ್ಕದು ಮಾಡುವ ಕೆಲಸ ಅದರಿಂದ ಆಗುವುದಿಲ್ಲ. ಬೇರೆ ಕಡೆ ನನಗೆ ಎರಡು ಸೈಜಿನ ನಡುವೆ ಅನುಮಾನ ಬಂದಾಗಲೆಲ್ಲ ಚಿಕ್ಕದೇ ಸರಿಯಾಗಿದೆ, ರಕ್ತ ಓಡಾಡದ ಹಾಗೆ ಕಚ್ಚದಿದ್ದರೆ ಸಾಕು. ನಿಮ್ಮವರು ಹೇಳಿದ್ದು ಇದಕ್ಕೆ ತದ್ವಿರುದ್ಧ.

ಮನೆಯಲ್ಲಿ ಹಾಕಿ ನೋಡಿದಾಗಲೇ ಯಾಕೆ ಗೊತ್ತಾಗಲಿಲ್ಲ ಎಂದು ನಿಮ್ಮ ಇಮೇಲ್‌ನಲ್ಲಿ ಕೇಳಿದ್ದೀರಿ. ಸ್ವಲ್ಪ ಲೆಕ್ಕ ಹೇಳುತ್ತೇನೆ. ಸಾಮಾನ್ಯ ಸೈಕಲ್ಲಿನಲ್ಲಿ ಇಳಿಜಾರು ಬಂದರೆ ಪೆಡಲ್ ನಿಲ್ಲಿಸಿ ಸುಮ್ನೆ ಕೂರಬಹುದು. ನನ್ನ ಯುನಿಸೈಕಲ್ಲಿಗೆ ಚೈನೂ ಇಲ್ಲ, ಫ್ರೀವೀಲೂ ಇಲ್ಲ. ಕ್ರ್ಯಾಂಕ್ ನೇರವಾಗಿ ಚಕ್ರದ ಅಚ್ಚಿಗೇ ಕೂತಿದೆ. ಚಕ್ರ ತಿರುಗುವಷ್ಟು ಹೊತ್ತೂ ಕಾಲು ತಿರುಗಲೇಬೇಕು. ಈ ದಪ್ಪ ಟೈರಿನ 24 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2 ಮೀಟರ್ ಹೋಗುತ್ತದೆ. ಅಂದರೆ ಒಂದು ಕಿಲೋಮೀಟರಿಗೆ ಪ್ರತಿ ಮಂಡಿಯೂ ಸುಮಾರು 500 ಸಲ ಮಡಚಿ ಬಿಡಿಸಬೇಕು. ಆ ದಿನ ಬೀಳುವಷ್ಟರಲ್ಲಿ 4 ಕಿಲೋಮೀಟರ್ ಆಗಿತ್ತು. ಹತ್ತಿರ ಹತ್ತಿರ ಎರಡು ಸಾವಿರ ಸಲ. ಮೇಲಿಂದ ಬೆವರು. ನಡುಮನೆಯಲ್ಲಿ ನಾಲ್ಕು ಸಲ ಬಸ್ಕಿ ಹೊಡೆದು ನೋಡಿದರೆ ಇದು ಗೊತ್ತಾಗುವುದಿಲ್ಲ. ನಾನು ಮನೆಯಲ್ಲಿ ಇಪ್ಪತ್ತು ನಿಮಿಷ ಹಾಕಿಕೊಂಡು ಓಡಾಡಿದ್ದೆ, ಮೆಟ್ಟಿಲು ಹತ್ತಿ ಇಳಿದಿದ್ದೆ. ಚೆನ್ನಾಗೇ ಇತ್ತು.

ನನ್ನ ಮಂಡಿಚಿಪ್ಪಿನ ನಡುವಿನಿಂದ ಪಾದ ಬಾಗುವ ಜಾಗದವರೆಗೆ 36 ಸೆಂ.ಮೀ. ಇದೆ. ನಿಮ್ಮ ಎಲ್ ಪ್ಯಾಡಿನಲ್ಲಿ ಮಂಡಿ ಕೂರುವ ಬಟ್ಟಲಿನ ನಡುವಿನಿಂದ ಕೆಳಗಿನ ಅಂಚಿನವರೆಗೆ 33. ಮೇಲೆ ತೊಡೆಯ ಹಿಡಿತ ಸಡಿಲ ಇದ್ದದ್ದರಿಂದ ಪ್ಯಾಡು ಇಂಚಿಂಚೇ ಜಾರಿ ಶೂ ಮೇಲೆ ಬಂದು ಕೂತಿತು. ಮಂಡಿಯ ಬಟ್ಟಲು 3 ಸೆಂ.ಮೀ. ಕೆಳಗಿಳಿಯಿತು, ಚಿಪ್ಪಿನ ಮೇಲ್ಭಾಗ ಹೊರಗೆ ಬಂತು. ಆಮೇಲೆ ಪ್ರತಿ ಸುತ್ತಿಗೂ ಶೂ ಅದನ್ನು ಕೆಳಗಿನಿಂದ ನೂಕತೊಡಗಿತು. ಕೆಳಗೆ ಹೋಗಲು ಜಾಗವಿಲ್ಲದೆ ಪ್ಯಾಡು ಪಕ್ಕಕ್ಕೆ ತಿರುಗಿತು. ಎರಡು ಸಲ ಇಳಿದು ಸರಿ ಮಾಡಿಕೊಂಡೆ. ಮೂರನೇ ಸಲ ಇಳಿಯುವ ಮುಂಚೆ ಒಂದು ಬೇರು ಸಿಕ್ಕಿತು.

ಯುನಿಸೈಕಲ್ಲಿನಲ್ಲಿ ಮುಂದಕ್ಕೆ ಮುಗ್ಗರಿಸಿದರೆ ಸವಾರ ಮುಂದೆ ಹಾರುತ್ತಾನೆ, ಚಕ್ರ ಹಿಂದೆ ಉಳಿಯುತ್ತದೆ. ತಿರುಗುತ್ತಿರುವ ಪೆಡಲ್ ಬಂದು ಹೊಡೆಯುವುದು ಮೀನಖಂಡಕ್ಕೆ. ಶೂ ಜಾರದಿರಲಿ ಅಂತ ಪೆಡಲ್ ತುಂಬ ಕಬ್ಬಿಣದ ಪಿನ್ನು ಬೇರೆ ಇರುತ್ತವೆ. ಹಿಂದಕ್ಕೆ ಬಿದ್ದರೆ ಮುಂದಿನ ಎಲುಬಿಗೆ ಪೆಟ್ಟು. ಹಾಗಾಗಿ ನಮಗೆ ಕ್ರಿಕೆಟ್ ಪ್ಯಾಡಿನ ಹಾಗೆ ಮುಂದೆ ಮಾತ್ರ ಗಟ್ಟಿ ಇದ್ದರೆ ಸಾಲದು, ಹಿಂದೆಯೂ ಬೇಕು. 'ಮೀನಖಂಡಕ್ಕೂ ರಕ್ಷಣೆ' ಎಂಬ ನಿಮ್ಮ ಸಾಲು ನೋಡಿಯೇ ನಾನು 2,000 ರೂಪಾಯಿ ಜಾಸ್ತಿ ಕೊಟ್ಟು ಇದನ್ನು ಆರಿಸಿದ್ದು. ಇದರಲ್ಲಿ ಹಿಂದೆ 12 ಸೆಂ.ಮೀ. ಅಗಲದ ಫೋಮ್ ಇದೆ, ಇಲ್ಲ ಅನ್ನುವುದಿಲ್ಲ. ಪ್ಯಾಡ್ ತಿರುಗಿ ಕೂತಿದ್ದರಿಂದ ಆ ಫೋಮು ಕಾಲಿನ ಪಕ್ಕಕ್ಕೆ ಹೋಗಿತ್ತು. ಪೆಡಲ್ ಬಂದ ಜಾಗದಲ್ಲಿ ಇದ್ದದ್ದು ಬರೀ ಎಲಾಸ್ಟಿಕ್ ಬಟ್ಟೆ. ಅದನ್ನು ಪಿನ್ನು ಹರಿದದ್ದು ಫೋಟೋದಲ್ಲಿ ಕಾಣುತ್ತದೆ. ಬಲಗಾಲಿನದ್ದೂ ಅದೇ ಕಥೆ, ಮಂಡಿ ಬಿದ್ದದ್ದು ಕಲ್ಲಿನ ಮೇಲೆ, ಬಟ್ಟಲು ಇದ್ದದ್ದು ಮಂಡಿಯ ಕೆಳಗೆ.

ಇನ್ನೊಂದು ವಿಷಯವೂ ಇದೆ. ಪ್ಯಾಡು ತೊಳೆಯಲು ಬಿಚ್ಚಿದಾಗ ಕಂಡದ್ದು. ನಿಮ್ಮ ಪುಟದಲ್ಲಿ ಮಂಡಿಯ ಗಾರ್ಡು (ಪ್ಯಾಡಿನ ಒಳಗೆ ತೂರಿಸಿರುವ, ಪೆಟ್ಟು ತಡೆಯುವ ತುಂಡು) 'ಇಎನ್ 1621-1, ಲೆವೆಲ್ 2' ಎಂದಿದೆ. ನನಗೆ ಬಂದ ಗಾರ್ಡಿನ ಹಿಂದೆ ಅಚ್ಚಾಗಿರುವುದು ಟೈಪ್ ಎ, ಲೆವೆಲ್ 1. ಇದು ಯುರೋಪಿನಲ್ಲಿ ಮೋಟಾರ್ ಸೈಕಲ್ ಸವಾರರ ಗಾರ್ಡಿಗೆ ಇರುವ ಪರೀಕ್ಷೆ, ನಿಮಗೇ ಗೊತ್ತಿರಬೇಕು. 50 ಜೌಲ್ ಪೆಟ್ಟು ಕೊಟ್ಟಾಗ ಲೆವೆಲ್ 2ರಲ್ಲಿ ಒಳಗೆ ದಾಟುವ ಬಲ ಸರಾಸರಿ 20 ಕಿಲೋನ್ಯೂಟನ್ ಮೀರಬಾರದು. ಲೆವೆಲ್ 1ರಲ್ಲಿ 35ರವರೆಗೂ ನಡೆಯುತ್ತದೆ. ಟೈಪ್ ಎ ಅಂದರೆ 'ಟೈಪ್ ಬಿ' ಎಂಬುದಕ್ಕಿಂತ ಚಿಕ್ಕ ಗಾರ್ಡು. ಎಲ್ ಸೈಜಿನ ದೊಡ್ಡ ಚೀಲದೊಳಗೆ ಚಿಕ್ಕ ಗಾರ್ಡು. ಅದು ಒಳಗೇ ಅತ್ತಿತ್ತ ಓಡಾಡುತ್ತದೆ, ಅಲುಗಿಸಿದರೆ ಕೈಗೆ ಗೊತ್ತಾಗುತ್ತದೆ. ಇದಕ್ಕೂ ನಾನು ಯಾವ ಆಟ ಆಡುತ್ತೇನೆ ಅನ್ನುವುದಕ್ಕೂ ಸಂಬಂಧವೇ ಇಲ್ಲ. ನೀವು ಹೇಳಿದ್ದು ಒಂದು, ಕಳಿಸಿದ್ದು ಇನ್ನೊಂದು.

ಮೇ 13ರಂದು ನಾನು ಕಳಿಸಿದ ಮೊದಲ ಇಮೇಲಿಗೆ ಒಂಬತ್ತು ದಿನ ಬಿಟ್ಟು ಉತ್ತರ ಬಂತು, 'ಬಳಸಿದ ವಸ್ತು ವಾಪಸ್ ಇಲ್ಲ' ಎಂದು. ಎರಡನೆಯದಕ್ಕೆ, 'ಯುನಿಸೈಕಲ್ ಬಳಕೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ'. ಮೂರನೆಯದಕ್ಕೆ ಉತ್ತರವೇ ಇಲ್ಲ, ಹತ್ತು ಪರ್ಸೆಂಟ್ ಕೂಪನ್ ಬಂತು. ಅದನ್ನು ನಾನು ಬಳಸಿಲ್ಲ.

ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು 2020ರಿಂದ ಜಾರಿಯಲ್ಲಿವೆ. ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ವಸ್ತುವನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಮಾರುವವರು ಹೇಳುವಂತಿಲ್ಲ. 'ವಾಪಸ್ ಇಲ್ಲ' ಎಂಬ ನಿಮ್ಮ ಸಾಲು ಇದರ ಮುಂದೆ ನಿಲ್ಲುವುದಿಲ್ಲ. ನಾನು ಕೇಸು ಹಾಕುವ ಖುಷಿಗೆ ಇದನ್ನು ಹೇಳುತ್ತಿಲ್ಲ. ಈ ಪತ್ರ ತಲುಪಿದ ಹದಿನೈದು ದಿನದಲ್ಲಿ ಏನೂ ಆಗದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ. ಅಲ್ಲೂ ಆಗದಿದ್ದರೆ ಹಾಸನದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ದೂರು ಕೊಡಲು ನಾನು ಬೆಂಗಳೂರಿಗೆ ಬರಬೇಕಿಲ್ಲ. ಈ ಮೊತ್ತಕ್ಕೆ ಅಲ್ಲಿ ಶುಲ್ಕವೂ ಇಲ್ಲ.

ಆಸ್ಪತ್ರೆಯ ಖರ್ಚನ್ನು ನಾನು ಕೇಳುತ್ತಿಲ್ಲ. ಒಂಟಿ ಚಕ್ರ ಹತ್ತಿದವನು ನಾನು, ಬೀಳುವುದು ಗೊತ್ತಿದ್ದೇ ಹತ್ತಿದ್ದು. ನಮ್ಮಮ್ಮನೂ ಅದನ್ನೇ ಹೇಳುತ್ತಾರೆ, ಸ್ವಲ್ಪ ಜೋರಾಗಿ. ನಾನು ಕೇಳುವುದು ಪ್ಯಾಡಿನ ಪೂರ್ತಿ ದುಡ್ಡು. ಅದು ಬೇಡ ಎಂದಾದರೆ ಇದೇ ಪ್ಯಾಡಿನ ಎಂ ಸೈಜು, ಒಳಗೆ ನೀವು ಹೇಳಿದ ಲೆವೆಲ್ 2 ಗಾರ್ಡಿನ ಜೊತೆ. ಕಳಿಸುವ ಮುಂಚೆ ಮಂಡಿಯ ಬಟ್ಟಲಿನಿಂದ ಕೆಳಗಿನ ಅಂಚಿನವರೆಗಿನ ಉದ್ದವನ್ನು ಟೇಪು ಇಟ್ಟು ಅಳೆದು ನನಗೆ ತಿಳಿಸಬೇಕು. ವಾಪಸ್ ಕಳಿಸುವ ಕೊರಿಯರ್ ಖರ್ಚು ನಿಮ್ಮದು.

ಜೊತೆಗೆ ಸೈಜ್ ಪಟ್ಟಿ ತಿದ್ದಿ. ಮಂಡಿಚಿಪ್ಪಿನ ನಡುವಿನಿಂದ 10 ಸೆಂ.ಮೀ. ಮೇಲೆ ಎಂದು ಬರೆಯಿರಿ, ಬಾಣವನ್ನು ಅಲ್ಲಿಗೆ ಇಳಿಸಿ, ಪ್ಯಾಡಿನ ಉದ್ದವನ್ನೂ ಹಾಕಿ. ನಮ್ಮೂರಿನ ಟೈಲರ್ ಒಂದು ಪ್ಯಾಂಟಿಗೆ ತೊಡೆ, ಮಂಡಿ, ಬಾಟಮ್ ಮೂರನ್ನೂ ಬೇರೆ ಬೇರೆ ಅಳೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅವರು ತೆಗೆದುಕೊಳ್ಳುವುದು ಐನೂರು ರೂಪಾಯಿ.

ಪ್ಯಾಡುಗಳನ್ನು ತೊಳೆದು, ನೆರಳಲ್ಲಿ ಒಣಗಿಸಿ, ಚೀಟಿ ಸಮೇತ ಅದೇ ಡಬ್ಬದಲ್ಲಿ ಹಾಕಿಟ್ಟಿದ್ದೇನೆ. ಪಿನ್ನು ಹರಿದ ಜಾಗವನ್ನು ಹೊಲಿಸಿಲ್ಲ, ನಿಮ್ಮವರು ನೋಡಲಿ ಎಂದು ಹಾಗೇ ಬಿಟ್ಟಿದ್ದೇನೆ. ಕೊರಿಯರ್‌ನವರು ನಮ್ಮ ಕಡೆಗೆ ಮಂಗಳವಾರ ಮತ್ತು ಶುಕ್ರವಾರ ಮಾತ್ರ ಬರುತ್ತಾರೆ. ಮಳೆ ಹಿಡಿದರೆ ಅದೂ ಅನುಮಾನ. ಹಿಂದಿನ ದಿನ ಫೋನ್ ಮಾಡಿದರೆ ಡಬ್ಬ ತೋಟದ ಗೇಟಿನ ಹತ್ತಿರ ತಂದಿಟ್ಟಿರುತ್ತೇನೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್, ಹಳೆಯ ಪುಟದ ಮತ್ತು ಚಾಟ್‌ನ ಸ್ಕ್ರೀನ್‌ಶಾಟ್, ಡಬ್ಬದೊಳಗಿನ ಚೀಟಿ, ಗಾರ್ಡಿನ ಹಿಂಬದಿಯ ಅಚ್ಚು ಹಾಗೂ ಹರಿದ ಪ್ಯಾಡಿನ ಫೋಟೋಗಳು