ಹೊಳೆ ಬಂದಿದೆ

ಕಳೆದ ತಿಂಗಳು ಎರಡು ದಿನ ಬಿಡದೆ ಮಳೆ ಸುರಿದು, ಅಮೆರಿಕದ ನಮ್ಮ ಪಿಟ್ಸ್‌ಬರ್ಗಿನಲ್ಲಿ ಮೊನಾಂಗಹೀಲಾ ನದಿಯ ದಂಡೆಯ ಪಾರ್ಕಿಂಗ್ ಜಾಗ ಎಂದಿನಂತೆ ಮುಳುಗಿತು. ಇಲ್ಲಿನ ಕನ್ನಡ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಿರಿಯರೊಬ್ಬರು ಬರೆದರು: "ಹೊಳೆ ಬಂದಿದೆ. ಅಲ್ಲಿ ಕಾರು ನಿಲ್ಲಿಸಬೇಡಿ." ಭಾನುವಾರದ ಕನ್ನಡ ತರಗತಿಯಲ್ಲಿ ಅದನ್ನು ಓದಿಸಿದಾಗ ಒಂಬತ್ತು ವರ್ಷದ ಹುಡುಗಿ ಕೇಳಿದಳು: "ಇಷ್ಟು ದಿನ ಎಲ್ಲಿಗೆ ಹೋಗಿತ್ತು?"

ಉತ್ತರ ತಕ್ಷಣ ಹೊಳೆಯಲಿಲ್ಲ. ಮಲೆನಾಡಿನಲ್ಲಿ ಬೆಳೆದ ನನಗೆ ಅದು ಪ್ರಶ್ನೆಯೇ ಆಗಿರಲಿಲ್ಲ. ಬೇಸಿಗೆಯಲ್ಲಿ ಬಂಡೆಗಳ ಸಂದಿಯಲ್ಲಿ ನುಸುಳುತ್ತಿದ್ದ ನೀರು ಜುಲೈನಲ್ಲಿ ಕೆಂಪಗಾಗಿ, ಮರದ ದಿಮ್ಮಿಗಳನ್ನು ಹೊತ್ತು, ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗಿದರೆ ಹೊಳೆ ಬಂತು ಎಂದರ್ಥ. ಬಯಲುಸೀಮೆಯವರ 'ಹಳ್ಳ ಬಂತು' ಇನ್ನೂ ಖಚಿತ: ಬೆಳಗ್ಗೆ ಒಣ ಮರಳು, ಮಧ್ಯಾಹ್ನ ಎದೆಮಟ್ಟ ನೀರು. ಆದರೆ ಬಂದ ಹೊಳೆ 'ಹೋಯಿತು' ಎಂದು ಯಾರೂ ಹೇಳುವುದಿಲ್ಲ; ಇಳಿಯಿತು ಎನ್ನುತ್ತೇವೆ. ಹುಡುಗಿಗೆ ಇದನ್ನು ಹೇಳಿದೆ. ಒಪ್ಪಿದಂತೆ ಕಾಣಲಿಲ್ಲ.

ಇಲ್ಲಿಗೆ ಬಂದ ಮೇಲೆ ನಮ್ಮೆಲ್ಲರ ಬಾಯಲ್ಲಿ 'ನದಿ' ಒಂದೇ ಉಳಿದಿದೆ. ಅದು ಭೂಪಟದ ಮಾತು. ಊರಿನಲ್ಲಿ ಬಟ್ಟೆಯ ಗಂಟು ಹೊತ್ತವರು 'ತುಂಗಾ ನದಿಗೆ ಹೋಗಿ ಬರುತ್ತೇನೆ' ಎನ್ನುತ್ತಿರಲಿಲ್ಲ, 'ಹೊಳೆಗೆ' ಎಂದರೆ ಮುಗಿಯಿತು. ಮಲಯಾಳದಲ್ಲಿ ಇದರ ದಾಯಾದಿ 'ಪುಳ'; ಆಲಪ್ಪುಳದ ಬಾಲದಲ್ಲಿರುವುದು ಅದೇ.

ನಮ್ಮ ಪಿಟ್ಸ್‌ಬರ್ಗಿಗೆ ಇನ್ನೊಂದು ಮಾತು ಬೇಕು: ಕೂಡಲಿ. ಶಿವಮೊಗ್ಗದ ಬಳಿ ತುಂಗೆಯೂ ಭದ್ರೆಯೂ ಸೇರುವ ಊರಿನ ಹೆಸರೇ ಅದು, ಜನರ ಬಾಯಲ್ಲಿ ಕೂಡ್ಲಿ. ಕೃಷ್ಣೆಗೆ ಮಲಪ್ರಭೆ ಸೇರುವ ಕೂಡಲಸಂಗಮದಲ್ಲಂತೂ ಒಂದೇ ಅರ್ಥ ಎರಡು ಬಾರಿ ಬಂದಿದೆ, ಕನ್ನಡದಲ್ಲೊಮ್ಮೆ, ಸಂಸ್ಕೃತದಲ್ಲೊಮ್ಮೆ. ಊಟದ ಡಬ್ಬಿ ಹಿಡಿದು ಪ್ರತಿ ಬೇಸಿಗೆಯಲ್ಲಿ ನಾವು ಕೂರುವ ಕಾರಂಜಿಯ ಕಟ್ಟೆಯೂ ಕೂಡಲಿಯೇ. ಒಂದು ವ್ಯತ್ಯಾಸವಿದೆ. ಅಲೆಗೇನಿಯೂ ಮೊನಾಂಗಹೀಲಾವೂ ಇಲ್ಲಿ ಸೇರಿದೊಡನೆ ಎರಡು ಹೆಸರೂ ಅಳಿದು ಒಹಾಯೊ ಶುರುವಾಗುತ್ತದೆ. ತುಂಗಭದ್ರೆ ಎರಡು ಹೆಸರನ್ನೂ ಉಳಿಸಿಕೊಂಡೇ ಕೃಷ್ಣೆಯವರೆಗೆ ಹೋಗುತ್ತಾಳೆ. ನನಗೆ ನಮ್ಮದೇ ಹಿಡಿಸುತ್ತದೆ, ಪಕ್ಷಪಾತ ಎನ್ನಿ.

ಗಾದೆಗಳ ವಿಷಯಕ್ಕೆ ಹೋಗುವುದಿಲ್ಲ, ಹೋದರೆ ಪುಟ ಸಾಲದು. ಖಜಾಂಚಿಯವರು ಮಾತ್ರ ಸದಸ್ಯತ್ವ ಶುಲ್ಕ ಕೇಳಿ ಕಳುಹಿಸುವ ಪತ್ರಗಳನ್ನು 'ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ' ಎಂದು ಬಣ್ಣಿಸಿದ್ದಾರೆ. ಬಾಕಿ ಇರುವವರು ಗಮನಿಸಬೇಕು.

ಕರಾವಳಿಯ ಸದಸ್ಯರಲ್ಲಿ ಒಂದು ಕೋರಿಕೆ. ಅಳಿವೆ, ಕಡವು, ತೋಡು: ಈ ಮಾತುಗಳು ಘಟ್ಟದ ಮೇಲಿನ ನಮಗೆ ಕಿವಿಗಷ್ಟೇ ಗೊತ್ತು. ಮುಂದಿನ ಸಂಚಿಕೆಗೆ ಬರೆದು ಕಳುಹಿಸಿ. ನಿಘಂಟಿನ ಅರ್ಥ ಬೇಡ; ಯಾರ ಬಾಯಲ್ಲಿ, ಯಾವ ದಂಡೆಯಲ್ಲಿ ನಿಂತು ಕೇಳಿದಿರಿ ಎಂಬುದು ಬೇಕು.