ಗೆಳೆಯನಿಗೆ, ಒಂದು ಜೋಡಿ ಶಮಾದಾನದ ಜೊತೆ

ಬೀದರ್

ಪ್ರೀತಿಯ ದೋಸ್ತ,

ನಿನ್ನ ಹೊಸ ಮನೆಗೆ ಏನು ಕೊಡಲಿ ಅಂತ ತಿಂಗಳಿಂದ ಯೋಚಿಸುತ್ತಿದ್ದೆ. ನಿನ್ನೆ ನಮ್ಮೂರ ಚೌಬಾರಾ ಗೋಪುರದ ಕಡೆ ಹೋದಾಗ ಸಿಕ್ಕಿತು. ನಮ್ಮ ಬಿದ್ರಿ ಕುಸುರಿಯ ಒಂದು ಜೋಡಿ ಮೋಂಬತ್ತಿ ಸ್ಟ್ಯಾಂಡ್. ಹಳಬರು ಇದಕ್ಕೆ ಶಮಾದಾನ ಅನ್ನುತ್ತಾರೆ. ಕಪ್ಪು ಮೈ, ಬುಡದಿಂದ ಮೇಲಕ್ಕೆ ಹಬ್ಬಿದ ಬೆಳ್ಳಿ ಬಳ್ಳಿ.

ನಮ್ಮ ಮೊದಲ ಮೋಂಬತ್ತಿ ಸ್ಟ್ಯಾಂಡ್ ನೆನಪಿದೆಯಾ? ಬೋರಲು ಹಾಕಿದ ವಾಟಗ, ಊಟದ ಬಟ್ಟಲು! ಅದರ ಮೇಲೆ ನಾಲ್ಕು ಹನಿ ಮೇಣ ಸುರಿದು ಬತ್ತಿ ನಿಲ್ಲಿಸಿ, ಕರೆಂಟ್ ಬರುವ ತನಕ ಓದುತ್ತಿದ್ದೆವು. ಕ್ರಿಸ್ಮಸ್ ಹಿಂದಿನ ರಾತ್ರಿ ನಿಮ್ಮಮ್ಮ ಕಿಟಕಿಯಲ್ಲಿ ಸಾಲಾಗಿ ಇಡುತ್ತಿದ್ದದ್ದೂ ಅಂಥ ವಾಟಗಗಳನ್ನೇ.

ಅಂಗಡಿಯ ಹಿಂದೆಯೇ ಕೆಲಸ ನಡೆದಿತ್ತು. ಅರ್ಧ ಗಂಟೆ ಅಲ್ಲೇ ಕೂತೆ. ಲೋಹ ಹೆಚ್ಚಾಗಿ ಸತು, ಸ್ವಲ್ಪ ತಾಮ್ರ. ಎರಕ ಹೊಯ್ದು, ಉಜ್ಜಿ, ಗೆರೆ ಕಾಣಲಿ ಅಂತ ಮೈಲುತುತ್ತು ಬಳಿದು ಕಪ್ಪು ಮಾಡುತ್ತಾರೆ. ಉಳಿಯಿಂದ ಕೊರೆದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಆಮೇಲೆ ನಯ ಮಾಡುವಾಗ ಆ ಕಪ್ಪು ಹೋಗಿ ಬೆಳ್ಳಿಯೂ ಸತುವೂ ಒಂದೇ ಬಣ್ಣ. ಬಳ್ಳಿ ಕಾಣುವುದೇ ಇಲ್ಲ. ಆಗ ಬರುತ್ತದೆ ನಮ್ಮ ಕೋಟೆಯ ಮಣ್ಣು. ಮಳೆ ಬಿಸಿಲು ತಾಗದ ಜಾಗದ್ದು. ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ಅದಕ್ಕೆ ನವಸಾಗರ ಅನ್ನೋ ಉಪ್ಪು ಬೆರೆಸಿ ಬಿಸಿ ಮಾಡಿದ ಪಾತ್ರೆಗೆ ಹಚ್ಚಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. 2023ರಲ್ಲಿ ನಮ್ಮ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ನೀನು ಎಷ್ಟು ಖುಷಿಯಿಂದ ಫೋನ್ ಮಾಡಿದ್ದೆ, ಅಲ್ವಾ? ಅದೇ ಕೆಲಸ ಇದು.

ರಾತ್ರಿ ಮನೆಯಲ್ಲಿ ಹಚ್ಚಿ ನೋಡಿದೆ. ಟ್ಯೂಬ್‌ಲೈಟ್ ಬೆಳಕಲ್ಲಿ ಚಂದ ಇತ್ತು, ಅಷ್ಟೇ. ಲೈಟ್ ಆರಿಸಿದೆ. ಕಪ್ಪು ಮೈ ಕತ್ತಲಲ್ಲಿ ಕರಗಿ ಹೋಯಿತು, ಬಳ್ಳಿ ಒಂದೇ ಉಳಿಯಿತು. ಉರಿ ಅಲುಗಿದಂತೆ ಎಲೆಗಳೂ ಅಲುಗಿದವು. ಇದನ್ನು ಬೆಂಕಿಗಾಗಿಯೇ ಮಾಡಿದ್ದಾರೆ ದೋಸ್ತ. ದಯವಿಟ್ಟು ಶೋಕೇಸ್‌ನಲ್ಲಿ ಇಡಬೇಡ.

ಮೇಣ ಅಂಟಿದರೆ ಚಾಕು ಹಾಕಬೇಡ. ಬೆಚ್ಚಗಿನ ನೀರಲ್ಲಿ ನೆನೆಸಿದ ಬಟ್ಟೆ ಇಟ್ಟರೆ ಮೆತ್ತಗಾಗುತ್ತದೆ. ಹುಣಸೆಹಣ್ಣು ತಾಗಿಸಲೇಬೇಡ, ಕಪ್ಪು ಕಿತ್ತು ಹೋಗುತ್ತದೆ. ಆಗಾಗ ಕೊಬ್ಬರಿ ಎಣ್ಣೆ ಹಚ್ಚಿ ಒರೆಸು, ಸಾಕು.

ಡಿಸೆಂಬರ್ 24ಕ್ಕೆ ಬರುತ್ತೇನೆ. ಮೊದಲನೆಯದನ್ನು ಅಮ್ಮ ಹಚ್ಚಲಿ.

ನಿನ್ನ ಗೆಳೆಯ